ಹನ್ನೊಂದೂಕಾಲು ಮೈಲಿಗೆ ಎಡಕ್ಕೆ

ಫ್ಲ್ಯಾಗ್‌ಸ್ಟಾಫ್, ಅರಿಜೋನಾ
ಮಾರ್ಚ್ 9, 1987

ಥೇನ್,

ಇದನ್ನು ಮೋಆಬ್ ಅಂಚೆ ಕಚೇರಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ಹೋಗಿ ಕೇಳುವವರೆಗೆ ಅವರು ಇಟ್ಟುಕೊಂಡಿರುತ್ತಾರೆ. ಫೋನಿನಲ್ಲಿ ನಾವಿಬ್ಬರೂ ಕೂಗಾಡುತ್ತೇವೆ, ಕಾಗದದಲ್ಲಾದರೆ ಕೂಗಿದ್ದು ಕೇಳಿಸುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ. ಹಾಗಾಗಿ ಈ ಶಿಕ್ಷೆ.

ಮೊದಲು ಪುಸ್ತಕದ ಮಾತು. ಆರ್ಚಸ್ ಪಾರ್ಕಿನ ರಸ್ತೆಗಳ ಅಳತೆ ಬಂತು, ಟೈಪ್ ಮಾಡಿದ್ದೇನೆ. ನಿನ್ನ ಅಕ್ಷರ ಓದಲು ಭೂತಗನ್ನಡಿ ಬೇಕು. ಅಪ್ಪ ಈ ದಾರಿಪುಸ್ತಕ ಶುರುಮಾಡಿದಾಗ ತಾನೇ ಓಡಿಸಿ, ತಾನೇ ಅಳೆದು, ತಾನೇ ಬರೆಯುತ್ತಿದ್ದ. ಈಗ ನೀನು ವಸಂತ ಪೂರ್ತಿ ಮರುಭೂಮಿ ಸುತ್ತುತ್ತೀಯ, ನಾನು ಇಲ್ಲಿ ಕೂತು ಬೆನ್ನು ಮುರಿದುಕೊಳ್ಳುತ್ತೇನೆ. ಹೊಗಳಿಕೆ ನಿನಗೆ, ಓದುಗರ ಬೈಗುಳ ನನಗೆ.

ಈಗ ನಿಜವಾದ ವಿಷಯ. ಅಪ್ಪನ ಎಡಗಣ್ಣು ಹೋದದ್ದು ನಿನಗೆ ಗೊತ್ತು. ಬಲಗಣ್ಣೂ ಹೋಗುತ್ತಿದೆ. ಬೇಸಿಗೆಯ ತನಕ ಉಳಿದರೆ ಹೆಚ್ಚು ಎಂದರು ಡಾಕ್ಟರು. ಈಗ ಅವನಿಗೆ ಮುಖ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ. ಕತ್ತಲು, ಬೆಳಕು, ಎರಡರ ನಡುವಿನ ಅಂಚು, ಅಷ್ಟು ಕಾಣುತ್ತದೆ. ಮೊನ್ನೆ ಊಟಕ್ಕೆ ಕೂತವನು ಚಮಚ ಕೆಳಗಿಟ್ಟು ಹೇಳಿದ: "ವರ್ನಾ, ನನ್ನನ್ನ ಕಿಟಕಿಗೆ ಕರ್ಕೊಂಡು ಹೋಗೇ. ಸಾಯಂಕಾಲ ಕಲ್ಲೆಲ್ಲ ಕಪ್ಪಾಗಿ ಆ ತೂತು ಮಾತ್ರ ಹೊಳೆಯುತ್ತಲ್ಲ, ಅದು ನಂಗಿನ್ನೂ ಕಾಣುತ್ತೆ. ಈಸ್ಟರ್‌ಗೆ ಹೋಗಿಬಿಡೋಣ. ಆಮೇಲಾದ್ರೆ ಹೋಗಿ ಏನ್ ಮಾಡ್ಲಿ?"

ದನ ಹುಡುಕುತ್ತ ಹೋಗಿ ಅಪ್ಪ ಕಂಡ, ನಾವು ಕಿಟಕಿ ಎಂದು ಕರೆಯುವ ಆ ಕಲ್ಲಿನ ಕಮಾನು ಯಾವ ಭೂಪಟದಲ್ಲೂ ಇಲ್ಲ. ಅಮ್ಮ ಇದ್ದಷ್ಟು ಕಾಲ ಪ್ರತಿ ಈಸ್ಟರ್ ಶನಿವಾರ ಅದರ ಕೆಳಗಿನ ಮರಳ ಇಳಿಜಾರಿನಲ್ಲಿ ಯಾರದು ದೂರ ಹೋಗುತ್ತದೆ ಎಂದು ಬಣ್ಣದ ಮೊಟ್ಟೆ ಉರುಳಿಸಿದ್ದೇವೆ. ಹೋದ ಆಗಸ್ಟ್‌ನ ಪ್ರವಾಹಕ್ಕೆ ಹಳೆಯ ದಾರಿಯೂ ಅಪ್ಪ ಗುರುತಿಟ್ಟುಕೊಂಡಿದ್ದ ಮರಗಳೂ ಕೊಚ್ಚಿಹೋದವು. ಹೊಸ ಜಾಡು ನಿನಗೊಬ್ಬನಿಗೇ ಗೊತ್ತು. ಎಷ್ಟನೇ ಮೈಲಿಗೆ, ಯಾವ ಕಡೆಗೆ ತಿರುಗಬೇಕು ಎಂದು ಬರೆದು ಕಳಿಸು. ಬೇರೇನೂ ಕೇಳುತ್ತಿಲ್ಲ.

ವರ್ನಾ


ಮೋಆಬ್, ಯೂಟಾ
ಮಾರ್ಚ್ 16

ವರ್ನಾ,

ಅಪ್ಪನ ಕಣ್ಣಿನ ವಿಷಯ ಓದಿ ಸಂಕಟವಾಯಿತು. ಉಳಿದದ್ದನ್ನು ಓದಿ ನಗು ಬಂತು.

ಮೂರು ವರ್ಷದ ಹಿಂದೆ ಹಸ್ತದ ಗವಿಯ ದಾರಿಯೂ ನಿನಗೆ ಹೀಗೇ ಬೇಕಾಗಿತ್ತು. "ಸುಮ್ನೆ, ನಂಗೆ ಗೊತ್ತಿರ್ಲಿ ಅಂತ" ಎಂದೆ. ಮುಂದಿನ ಮುದ್ರಣದಲ್ಲಿ ಅದು ಇಡೀ ಪುಟ ತುಂಬಿ ಕೂತಿತ್ತು, ಮೇಲೆ ನಿನ್ನ ಕವಿತ್ವ ಬೇರೆ. "ಕಾಲವೇ ಅಂಗೈ ಊರಿ ನಿಂತ ಗೋಡೆ" ಅಂತೆ. ಪುರಾತನರು ಅಂಗೈಗೆ ಬಣ್ಣ ಬಳಿದು ಒತ್ತಿದ ಆ ಗುರುತುಗಳ ಮಧ್ಯೆ ಈಗ ಡಗ್ ಮತ್ತು ಶೆರಿ ಎಂಬ ಮಹಾನುಭಾವರ ಹೆಸರುಗಳಿವೆ. ನೆಲದಲ್ಲಿ ಬೆಂಕಿ ಹಾಕಿ ಛಾವಣಿಗೆ ಮಸಿ ಹಿಡಿಸಿದ್ದಾರೆ. ಬಿಯರ್ ಡಬ್ಬಿಗಳನ್ನು ಗೋಣಿಯಲ್ಲಿ ತುಂಬಿ ಹೊತ್ತು ತಂದವನು ನಾನು. ನೀನು ಆಗ ಓದುಗರ ಮೆಚ್ಚುಗೆಯ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೆ.

ಅಪ್ಪನಿಗೆ ಬೆಳಕಿನ ತೂತೇ ಬೇಕೆಂದರೆ ಇಲ್ಲಿ ಆರ್ಚಸ್‌ನಲ್ಲಿ ಬೇಕಾದಷ್ಟಿವೆ. ಡಾಂಬರು ರಸ್ತೆ, ಶೌಚಾಲಯ, ಬೆಂಚು ಎಲ್ಲವೂ ಉಂಟು. ನಿನ್ನ ಕಾರಿಗೂ ನಿನ್ನ ಬೂಟಿಗೂ ಅದೇ ಸರಿ. ಕಿಟಕಿಯ ದಾರಿ ನನ್ನ ಜೊತೆ ಮಣ್ಣಾಗುತ್ತದೆ.

ನಾನು ಚೆನ್ನಾಗಿದ್ದೇನೆ, ನೀನು ಕೇಳದಿದ್ದರೂ. ಫೆಬ್ರವರಿಯಲ್ಲಿ ಟ್ರಕ್ಕಿಗೆ ಎತ್ತರದ ಹೊಸ ಟೈರು ಹಾಕಿಸಿದೆ. ಹೋದ ವರ್ಷ ಅರ್ಧ ದಿನ ಗುದ್ದಲಿ ಹಿಡಿದು ಮರಳು ತೋಡಿದ ಜಾಗವನ್ನು ಈ ಸಲ ಸಿಳ್ಳೆ ಹಾಕಿಕೊಂಡು ದಾಟಿದೆ.

ಥೇನ್


ಫ್ಲ್ಯಾಗ್‌ಸ್ಟಾಫ್
ಮಾರ್ಚ್ 23

ಥೇನ್,

ನಿನ್ನ ಪತ್ರವನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಬಿಡಬೇಕಾದ ಕಡೆಯೂ ಬಿಡಲಿಲ್ಲ. ಯಾವುದೋ ಒಂದು ತೂತು ತೋರಿಸಿದರೆ ಸಾಕು ಎಂಬಲ್ಲಿಗೆ ಬಂದಾಗ ಅಪ್ಪ, "ಯಾವ್ದೋ ಒಂದು ಹೆಂಗಸನ್ನ ಕಟ್ಕೋ ಅಂದ ಹಾಗಾಯ್ತು. ಅದಕ್ಕೇ ಅವನಿಗಿನ್ನೂ ಮದ್ವೆ ಇಲ್ಲ" ಅಂದ. ಆಮೇಲೆ ಗೋಡೆ ತಡವುತ್ತ ಎದ್ದು ತನ್ನ ಕೋಣೆಗೆ ಹೋದ. ನೀನು ಅವನನ್ನು ನೋಯಿಸಿದೆ. ಅದು ನಿನಗೆ ಗೊತ್ತಾಗಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಹಸ್ತದ ಗವಿಯ ಪುರಾಣ ಸಾಕುಮಾಡು. ಅದನ್ನು ಪುಸ್ತಕಕ್ಕೆ ಹಾಕಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಥೇನ್ ನೋಡಬಹುದು, ಡಗ್ ನೋಡಬಾರದು ಎಂಬ ಕಾನೂನು ಯಾವಾಗ ಬಂತು? ಮರುಭೂಮಿ ನಿನ್ನ ಅಪ್ಪನ ಆಸ್ತಿಯಲ್ಲ. ಆಗಿದ್ದರೂ ನನ್ನ ಪಾಲು ಅದರಲ್ಲಿ ಅರ್ಧ.

ಕಿಟಕಿಯನ್ನು ಅಚ್ಚು ಹಾಕುವುದಿಲ್ಲ. ಇದನ್ನು ನಾನು ಬರೆದು ಕೊಡಬೇಕಾಗಿ ಬಂತಲ್ಲ, ಅದಕ್ಕೆ ನಿನ್ನನ್ನು ಕ್ಷಮಿಸುವುದಿಲ್ಲ. ಎಪ್ಪತ್ತೆಂಟರ ಮುದುಕನಿಗೆ ಕಡೆಯ ಬಾರಿಗೆ ಒಂದನ್ನು ನೋಡಬೇಕಾಗಿದೆ. ಅವನು ನಿನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದೇ ಆ ದಾರಿಯಲ್ಲಿ. ಈಗ ಬಾಗಿಲಲ್ಲಿ ಕಾವಲು ನಿಂತಿದ್ದೀಯ.

"ಅವನನ್ನೂ ಬಾ ಅನ್ನೇ. ಮೊಟ್ಟೆ ನಾನೇ ಬೇಯಿಸ್ತೀನಿ ಅಂತ ಹೇಳು" ಎಂದ ಅಪ್ಪ. ಹೇಳಿದ್ದೇನೆ. ಬಂದರೆ ನನಗೆ ಸಂತೋಷವೇನಿಲ್ಲ.

ಹ್ಯಾಂಕ್ಸ್‌ವಿಲ್‌ಗೆ ಕಳಿಸುತ್ತಿದ್ದೇನೆ.

ವರ್ನಾ


ಹ್ಯಾಂಕ್ಸ್‌ವಿಲ್, ಯೂಟಾ
ಏಪ್ರಿಲ್ 3

ವರ್ನಾ,

ಗಾಬ್ಲಿನ್ ಕಣಿವೆಯಲ್ಲಿ ಅಣಬೆಯ ಹಾಗೆ ನಿಂತ ಕಲ್ಲುಗಳ ಮಧ್ಯೆ ಕೂತು ನಿನ್ನ ಪತ್ರ ಓದಿದೆ. ಶಾಲೆಯ ಮಕ್ಕಳ ಒಂದು ಬಸ್ಸು ಬಂದಿತ್ತು. ಆ ಗದ್ದಲವೇ ಹಿತವೆನಿಸಿತು.

ಬರೆಯಬಾರದು ಎಂದುಕೊಂಡಿದ್ದೆ. ಆಮೇಲೆ ಕ್ಯಾಪಿಟಲ್ ರೀಫ್‌ನ ಅಳತೆ ಅರ್ಧಕ್ಕೆ ಬಿಟ್ಟು, ಬೆಟ್ಟ ಸುತ್ತಿಕೊಂಡು ಎಸ್ಕಲಾಂಟೆಗೆ ಹೋಗಿ, ಕಿಟಕಿಯ ದಾರಿಯನ್ನು ಹೊಸದಾಗಿ ಅಳೆದು ಬಂದೆ. ನಿನಗಾಗಿ ಹೋಗಲಿಲ್ಲ.

ಬರೆದುಕೊ. ಎಸ್ಕಲಾಂಟೆ ದಾಟಿ ಮಣ್ಣುರಸ್ತೆಗೆ ಇಳಿ. ದನ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳು ಸಿಗುತ್ತವೆ. ಅಲ್ಲಿ ಮೈಲಿ ಎಣಿಸುವ ಮೀಟರನ್ನು ಸೊನ್ನೆ ಮಾಡು. ಹನ್ನೊಂದೂಕಾಲು ಮೈಲಿಗೆ ಎಡಕ್ಕೆ. ಆ ಜಾಡು ಒಣಹಳ್ಳಕ್ಕೆ ಇಳಿಯುತ್ತದೆ, ಹಳ್ಳದಲ್ಲೇ ಕಡೆಯವರೆಗೆ ಹೋಗು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊ, ಇಲ್ಲದಿದ್ದರೆ ಮರಳು ನುಂಗುತ್ತದೆ.

ಪ್ರವಾಹದ ನಂತರ ಅಲ್ಲಿ ಎಡಕ್ಕೆ ತಿರುಗುವ ಜಾಡುಗಳು ಎಷ್ಟೋ ಹುಟ್ಟಿಕೊಂಡಿವೆ, ಎಲ್ಲವೂ ಒಂದೇ ತರಹ. ಸರಿಯಾದ ತಿರುವಿನಲ್ಲಿ ನಾನೇ ಕಲ್ಲು ಪೇರಿಸಿ ಗುರುತಿಟ್ಟಿದ್ದೆ. ಈ ಸಲ ಒದ್ದು ಚೆಲ್ಲಾಪಿಲ್ಲಿ ಮಾಡಿದೆ. ನಿನ್ನ ಓದುಗರ ಮೇಲೆ ನನಗೆ ನಂಬಿಕೆಯಿಲ್ಲ, ನಿನ್ನ ಮೇಲೂ ಇಲ್ಲ. ಮೀಟರ್ ನಂಬಿಕೊಂಡು ಹೋಗು, ಅದಕ್ಕೆ ನಮ್ಮಿಬ್ಬರ ಜಗಳ ಗೊತ್ತಿಲ್ಲ.

ನಾನು ಬರುವುದಿಲ್ಲ. ಒಂದೇ ಕಾರಿನಲ್ಲಿ ಎಸ್ಕಲಾಂಟೆಯವರೆಗೆ ನಿನ್ನ ಪಕ್ಕ ಕೂರುವುದಕ್ಕಿಂತ ನಡೆದು ಹೋಗುತ್ತೇನೆ. ಕೆಲಸ ಇದೆ ಎಂದು ಅಪ್ಪನಿಗೆ ಹೇಳು.

ಥೇನ್


ಫ್ಲ್ಯಾಗ್‌ಸ್ಟಾಫ್
ಏಪ್ರಿಲ್ 21

ಥೇನ್,

ನೀನು ಗೆದ್ದೆ. ಇದನ್ನು ಓದುವಾಗ ಎದುರಿಗೆ ಯಾರಾದರೂ ಇದ್ದರೆ ಹೇಳಿಕೊಂಡು ನಗು.

ಶುಕ್ರವಾರ ರಾತ್ರಿ ಅಪ್ಪ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿದ. ಬಣ್ಣ ಹಿಡಿಯಿತೇ ಎಂದು ಒಂದೊಂದನ್ನೂ ನನ್ನ ಮುಖದ ಮುಂದೆ ಹಿಡಿದು ಕೇಳಿದ. ಶನಿವಾರ ಬೆಳಕು ಹರಿಯುವ ಮುಂಚೆ ಹೊರಟೆವು. ದಾರಿಯುದ್ದಕ್ಕೂ ಹಾಡಿದ. ಕಬ್ಬಿಣದ ಸರಳಿನ ಹತ್ತಿರ ನಾನು ಇಳಿದು ಟೈರಿನ ಗಾಳಿ ಬಿಟ್ಟೆ, ಮೀಟರ್ ಸೊನ್ನೆ ಮಾಡಿದೆ. ಅಲ್ಲಿಂದ ಅಪ್ಪ ಮಾತು ನಿಲ್ಲಿಸಿ ಮುಂದಕ್ಕೆ ಬಗ್ಗಿ ಕೂತ.

ಹನ್ನೊಂದೂಕಾಲು ಮೈಲಿಗೆ ಎಡಕ್ಕೆ ಒಂದು ಜಾಡಿತ್ತು. ಎಂಥ ಕರಾರುವಾಕ್ಕು, ಥೇನ್. ಅಂಗುಲ ತಪ್ಪಲಿಲ್ಲ. ಜಾಡು ಹಳ್ಳಕ್ಕಿಳಿಯಿತು, ಹಳ್ಳ ತಿರುಗಿತು, ಕಾರು ಅಚ್ಚಿನವರೆಗೆ ಹೂತುಕೊಂಡಿತು. ಮುಂದೆ ನಡೆದು ಹೋಗಿ ನೋಡಿದೆ. ಗೋಡೆ. ಕೆಂಪು ಕಲ್ಲಿನ ಬೋಳು ಗೋಡೆ, ಒಂದು ಹಕ್ಕಿಗೂಡಿನಷ್ಟು ತೂತೂ ಇಲ್ಲ. ಎರಡು ಗಂಟೆ ಊಟದ ತಟ್ಟೆಯಲ್ಲಿ ಮರಳು ತೋಡಿದೆ. ಚಕ್ರ ಇನ್ನಷ್ಟು ಕೆಳಗೆ ಹೋಯಿತು. ಹೊತ್ತು ಇಳಿಯುತ್ತಿತ್ತು.

ಅಪ್ಪ ಕಾರಿನೊಳಗಿಂದ ಕೂಗಿದ: "ಬಂದ್ವೇನೇ? ಬೆಳಕು ಹೋಗೋ ಮುಂಚೆ ನನ್ನನ್ನ ಕೂರ್ಸು." ನಾನು ಅವನನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಒಂದು ಬಂಡೆಯ ಮೇಲೆ ಕೂರಿಸಿದೆ. "ಎಲ್ಲಿದೆ? ಯಾವ ಕಡೆ ನೋಡ್ಲಿ?" ಎಂದ. ಎರಡು ಗುಡ್ಡಗಳ ನಡುವೆ ತುಸು ಆಕಾಶ ಕಾಣುತ್ತಿತ್ತು. ಅವನ ಗಲ್ಲ ಹಿಡಿದು ಮುಖವನ್ನು ಆ ಕಡೆಗೆ ತಿರುಗಿಸಿದೆ. "ಅಲ್ಲಿ" ಎಂದೆ. ಬಹಳ ಹೊತ್ತು ನೋಡಿದ. "ಚೆನ್ನಾಗಿದೆ" ಎಂದ. ಆಮೇಲೆ ಮೊಟ್ಟೆ ಉರುಳಿಸಿದ. ಇಳಿಜಾರೇ ಇರಲಿಲ್ಲ, ಅದು ಅವನ ಕಾಲ ಹತ್ತಿರವೇ ನಿಂತಿತು. "ದೂರ ಹೋಯ್ತು ಅಪ್ಪ" ಎಂದೆ.

ಆ ರಾತ್ರಿ ಕಾರಿನಲ್ಲೇ ಕಳೆದೆವು. ಮರುದಿನ ಈಸ್ಟರ್‌ಗೆ ಬಂದಿದ್ದ ಪ್ಯಾಂಗ್ವಿಚ್ ಊರಿನ ಒಂದು ಕುಟುಂಬ ಸರಪಳಿ ಹಾಕಿ ಎಳೆದುಕೊಟ್ಟಿತು.

ದಾರಿ ಹೇಳುವುದಿಲ್ಲ ಎಂದಿದ್ದರೆ ನಿನ್ನನ್ನು ಬೈದು ಸುಮ್ಮನಾಗುತ್ತಿದ್ದೆ. ಹೇಳಿದ ಹಾಗೆ ನಟಿಸಿ ಕುರುಡಾಗುತ್ತಿರುವ ಅಪ್ಪನನ್ನು ಗೋಡೆಯ ಮುಂದೆ ಕೂರಿಸಿದೆಯಲ್ಲ, ಇಂಥ ನೀಚತನ ನಿನಗೆ ಎಲ್ಲಿಂದ ಬಂತು? ನಿನ್ನ ಪುಸ್ತಕವನ್ನು ನೀನೇ ಟೈಪ್ ಮಾಡಿಕೊ.

ವರ್ನಾ


ಬ್ಲಫ್, ಯೂಟಾ
ಏಪ್ರಿಲ್ 27

ವರ್ನಾ,

ನಾನು ಸುಳ್ಳು ಹೇಳಿಲ್ಲ. ಒಂದೇ ಸಲ ಹೇಳುತ್ತೇನೆ.

ಮೀಟರ್ ಓದಲು ಬಾರದವಳು ಮೀಟರ್ ಓದಲು ಹೊರಟರೆ ಹೀಗಾಗುತ್ತದೆ. ಸರಳು ದಾಟಿ ಎಷ್ಟು ದೂರ ಹೋದ ಮೇಲೆ ಸೊನ್ನೆ ಮಾಡಿದೆ? ಗಾಳಿ ಬಿಡಲು ಎಲ್ಲಿ ನಿಲ್ಲಿಸಿದೆ? ನಡುವೆ ಹಿಂದಕ್ಕೆ ಬಂದೆಯಾ? ಇಪ್ಪತ್ತು ವರ್ಷದಿಂದ ಅಳೆಯುತ್ತಿದ್ದೇನೆ, ನನ್ನ ಅಳತೆಯಿಂದ ಇವತ್ತಿನವರೆಗೆ ಒಬ್ಬನೂ ದಾರಿ ತಪ್ಪಿಲ್ಲ. ತಪ್ಪಲು ನಮ್ಮ ಮನೆಯಲ್ಲೇ ಒಬ್ಬಳು ಹುಟ್ಟಬೇಕಾಯಿತು.

ನೀಚತನ ಎಂದು ಬರೆದಿದ್ದೀಯ. ಕುರುಡನ ಗಲ್ಲ ಹಿಡಿದು ಬರೀ ಆಕಾಶ ತೋರಿಸಿ ಇದೇ ಕಿಟಕಿ ಎಂದವಳು ಯಾರು? ಪುಸ್ತಕದಲ್ಲೂ ನೀನು ಮಾಡುವುದು ಅದನ್ನೇ. ಇಲ್ಲದ್ದನ್ನು ಚೆಂದವಾಗಿ ತೋರಿಸುವುದು. ಡಗ್‌ಗೆ ತೋರಿಸಿದೆ, ಈಗ ಅಪ್ಪನಿಗೆ.

ಥೇನ್


ಮೆಕ್ಸಿಕನ್ ಹ್ಯಾಟ್, ಯೂಟಾ
ಮೇ 4

ವರ್ನಾ,

ನಿನ್ನಿಂದ ಉತ್ತರ ಬಂದಿಲ್ಲ. ಬರುವುದೂ ಬೇಡ, ಮೊದಲು ಇದನ್ನು ಓದು.

ಹಿಂದಿನ ಪತ್ರ ಅಂಚೆಗೆ ಹಾಕಿದ ಮೇಲೂ ನನಗೆ ನೆಮ್ಮದಿ ಇರಲಿಲ್ಲ. ನೀನು ಏನೇ ಆಗಿರು, ಲೆಕ್ಕದಲ್ಲಿ ಎಡವುವವಳಲ್ಲ. ನಿನ್ನೆ ಮಾನ್ಯುಮೆಂಟ್ ಕಣಿವೆಯ ಕಡೆ ಹೋಗುವಾಗ ಹೆದ್ದಾರಿಯ ಮೈಲಿಕಲ್ಲುಗಳನ್ನೂ ನನ್ನ ಮೀಟರನ್ನೂ ಜೊತೆಗಿಟ್ಟು ನೋಡಿದೆ. ಹೆದ್ದಾರಿ ಹನ್ನೆರಡು ಮೈಲಿ ಎಂದಾಗ ನನ್ನ ಮೀಟರ್ ಹನ್ನೊಂದೂಕಾಲು ಎಂದಿತು. ತಿರುಗಿಸಿಕೊಂಡು ಬಂದು ಮತ್ತೆ ನೋಡಿದೆ. ಅದೇ.

ಹೊಸ ಟೈರು. ಚಕ್ರ ಎತ್ತರವಾದರೆ ಒಂದು ಸುತ್ತಿಗೆ ಹೆಚ್ಚು ನೆಲ ದಾಟುತ್ತದೆ. ಮೀಟರ್ ಸುತ್ತುಗಳನ್ನಷ್ಟೇ ಎಣಿಸುತ್ತದೆ. ಟೈರಿನ ಅಂಗಡಿಯವನು ಕೇಳಿದ್ದ, "ಮೀಟರ್ ಗೇರೂ ಬದ್ಲಾಯಿಸ್ಬೇಕಾ ಸಾರ್?" ಎಂದು. "ನಾನು ವೇಗ ನೋಡ್ಕೊಂಡು ಓಡ್ಸೋನಲ್ಲ ಬಿಡಪ್ಪ" ಎಂದು ಜಂಬದಿಂದ ಹೇಳಿ ಬಂದಿದ್ದೆ. ವೇಗಕ್ಕೂ ಮೈಲಿಗೂ ಗೇರು ಒಂದೇ. ಅಳೆಯುವುದೇ ಕಸುಬಾದವನಿಗೆ ಅಷ್ಟು ಹೊಳೆಯಲಿಲ್ಲ.

ನೀನು ತಿರುಗಬೇಕಾದ ಜಾಗ ಮುಕ್ಕಾಲು ಮೈಲಿ ಮುಂದಿತ್ತು. ನಾನು ಪೇರಿಸಿದ ಕಲ್ಲುಗಳು ಅಲ್ಲಿ ಹಾಗೇ ಇದ್ದಿದ್ದರೆ, ದಾರಿ ತಪ್ಪಿದ ಮೇಲಾದರೂ ನೀನು ಹುಡುಕಿಕೊಂಡು ಹೋಗುತ್ತಿದ್ದೆ. ಅವನ್ನು ಒದ್ದವನು ನಾನೇ. ಈ ವಸಂತದ ಅಷ್ಟೂ ಅಳತೆ ತಪ್ಪು, ಒಂದು ಸಾಲನ್ನೂ ಅಚ್ಚಿಗೆ ಕೊಡಬೇಡ. ಪುಸ್ತಕ ಹಾಳಾಗಿ ಹೋಗಲಿ.

ಅಪ್ಪನನ್ನು ನಾನು ಕರೆದುಕೊಂಡು ಹೋಗುತ್ತೇನೆ. ಮೀಟರ್ ಬೇಡ, ನನಗೆ ಆ ತಿರುವು ಕಣ್ಣಿಗೆ ಗೊತ್ತು. ಇನ್ನೂ ಬೇಸಿಗೆ ಬಂದಿಲ್ಲ. ಯಾವ ದಿನ ಎಂದು ಬರೆ, ಎಸ್ಕಲಾಂಟೆಯ ಅಂಚೆ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುತ್ತೇನೆ. ಫೋನ್ ಮಾಡಿದ್ದೆ. ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ. ಇಡು. ಆದರೆ ಬರೆ.

ಥೇನ್


ಫ್ಲ್ಯಾಗ್‌ಸ್ಟಾಫ್
ಮೇ 15

ಥೇನ್,

ನಿನ್ನ ಟೈರಿನ ಕಥೆಯನ್ನು ಮೊದಲು ನಂಬಲಿಲ್ಲ. ಆಮೇಲೆ ನಂಬಿದೆ. ಬೇಕೆಂದು ಸುಳ್ಳು ಹೇಳುವವನು ಇಷ್ಟು ಅವಮಾನದ ಸುಳ್ಳು ಕಟ್ಟುವುದಿಲ್ಲ. ನೀಚ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮೂರ್ಖ ಎನ್ನುವುದು ಇರಲಿ.

ನಿನ್ನ ಪತ್ರ ಬುಧವಾರ ಬಂತು. ಅದರ ಹಿಂದಿನ ದಿನ ಬೆಳಗ್ಗೆ ಅಪ್ಪನಿಗೆ ಕಾಫಿಯ ಬದಲು ಕುಡಿಯುವ ಆ ಬಾರ್ಲಿ ಕಷಾಯ ತೆಗೆದುಕೊಂಡು ಹೋದೆ. "ಪರದೆ ಸರ್ಸೇ ವರ್ನಾ, ಎಷ್ಟೊತ್ತು ಅಂತ ಮಲಗ್ಲಿ" ಎಂದ. ಪರದೆ ಸರಿಸಿಯೇ ಇತ್ತು. ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು.

ನಾನು ಪರದೆಯನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆದೆ, ಸದ್ದಾಗಲಿ ಎಂದು. ಅವನಿಗೆ ಅರ್ಥವಾಯಿತು. "ಓ, ಹಾಗಾ" ಎಂದಷ್ಟೇ ಅಂದ. ಲೋಟ ಕೈಗೆ ಕೊಡು ಎಂದ.

ನಿನ್ನ ಪತ್ರ ಓದಿ ಹೇಳಿದೆ. ಆಗ ಬಾಯಿಬಿಟ್ಟ: "ಅದು ಕಿಟಕಿ ಅಲ್ಲ ಅಂತ ಕೂತ ಕೂಡ್ಲೇ ಗೊತ್ತಾಯ್ತು. ಅಲ್ಲಿ ಸಂಜೆಯಾದ್ರೆ ತೂತಿನಿಂದ ತಣ್ಣಗೆ ಗಾಳಿ ಬೀಸುತ್ತೆ. ಇಲ್ಲಿ ನನ್ನ ಟೋಪಿ ಅಲ್ಲಾಡ್ಲಿಲ್ಲ." ಮತ್ತೆ ಚೆನ್ನಾಗಿದೆ ಎಂದದ್ದು ಯಾಕೆ ಎಂದು ಕೇಳಿದೆ. "ನೀನು ಮೂಗು ಸೊರಗುಟ್ಟಿಸ್ತಾ ಅಳ್ತಿದ್ದೆ. ದಾರಿ ತಪ್ಪಿದ್ಯಾ ಅಂತ ಕೇಳಿದ್ರೆ ನನ್ನನ್ನೂ ಅಲ್ಲೇ ಹೂತ್ಬಿಡ್ತಿದ್ದೆ" ಎಂದ. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನೀನು ಅವತ್ತು ಬಂದಿದ್ದರೆ ಅಪ್ಪ ನೋಡುತ್ತಿದ್ದ. ಟೈರು, ಮೀಟರು, ಕಲ್ಲು, ಎಲ್ಲವನ್ನೂ ಕ್ಷಮಿಸಬಹುದು. ನನ್ನ ಪಕ್ಕ ಕೂರಲಾಗದೆ ನೀನು ಬರಲಿಲ್ಲ. ಅದನ್ನು ಕ್ಷಮಿಸಲು ಆಗುವುದಿಲ್ಲ.

ಆದರೂ ಅವನಿಗೆ ಹೋಗಬೇಕಂತೆ. "ಈಗ ಹೋಗಿ ಏನು ನೋಡ್ತೀಯ ಅಪ್ಪ?" ಎಂದೆ. "ಥೇನ್ ಹೇಳ್ಲಿ. ಅವನೇ ತಾನೆ ಈಗ ಅದನ್ನ ನೋಡಿರೋನು" ಎಂದ. ಹಾಗಾಗಿ ಕೇಳಿಸಿಕೊ. ಮೂವತ್ತನೇ ತಾರೀಖು, ಶನಿವಾರ. ನೀನು ಓಡಿಸು. ನಾನು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅಲ್ಲಿ ಅಪ್ಪನ ಎದುರು ನಿಂತು ಅದು ಹೇಗಿದೆ ಎಂದು ಹೇಳು, ಅವನು ಸಾಕು ಎನ್ನುವವರೆಗೆ ಹೇಳು. ನಾನು ಒಂದು ಮಾತನ್ನೂ ಕಡ ಕೊಡುವುದಿಲ್ಲ. ನನ್ನ ಕವಿತ್ವ ಕಂಡರೆ ನಿನಗೆ ಆಗುವುದಿಲ್ಲವಲ್ಲ.

ವರ್ನಾ


ಎಸ್ಕಲಾಂಟೆ, ಯೂಟಾ
ಮೇ 22

ವರ್ನಾ,

ಪರದೆಯ ಸಾಲು ಓದಿದ ಮೇಲೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗಿನಿಂದ ಹೆಂಗಸೊಬ್ಬಳು ಬಂದು ನೀರು ಬೇಕೇ ಎಂದು ಕೇಳಿದಳು. ನಾನು ಬರಲಿಲ್ಲ ಎಂಬುದನ್ನು ಕ್ಷಮಿಸುವುದಿಲ್ಲ ಎಂದು ಬರೆದಿದ್ದೀಯ. ಕ್ಷಮಿಸಬೇಡ. ನಾನೂ ಕ್ಷಮಿಸಿಕೊಂಡಿಲ್ಲ.

ನಿನ್ನೆ ಕಿಟಕಿಗೆ ಹೋಗಿದ್ದೆ, ಒಬ್ಬನೇ. ಕಲ್ಲುಗಳನ್ನು ಮತ್ತೆ ಪೇರಿಸಿದೆ. ಆಮೇಲೆ ಅಪ್ಪನಿಗೆ ಹೇಳುವುದನ್ನು ಅಭ್ಯಾಸ ಮಾಡೋಣ ಎಂದು ಕೂತು ಗಟ್ಟಿಯಾಗಿ ಶುರುಮಾಡಿದೆ: "ಅಪ್ಪಾ, ಇಲ್ಲೊಂದು ದೊಡ್ಡ ಕಲ್ಲಿದೆ. ಅದ್ರಲ್ಲೊಂದು ತೂತಿದೆ." ಮುಂದೆ ಹೋಗಲಿಲ್ಲ. ಕೆಂಪಗಿದೆ ಎಂದೆ. ಎಂಥ ಕೆಂಪು ಎಂದು ಅವನು ಕೇಳದೆ ಬಿಡುವುದಿಲ್ಲ. ಹೊತ್ತು ಮುಳುಗುವವರೆಗೆ ಕೂತಿದ್ದೆ, ಗಾಳಿ ಬೀಸಿತು, ತೂತು ಹೊಳೆಯಿತು, ನನ್ನ ಬಾಯಲ್ಲಿ ಅಷ್ಟೇ ಬಂತು. ಇಷ್ಟು ವರ್ಷ ಹೋಗಿ ಬಂದು ನಾನು ಕಲಿತದ್ದು ಅದು ಎಲ್ಲಿದೆ ಎಂಬುದನ್ನು ಮಾತ್ರ. ಹೇಗಿದೆ ಎಂದು ನನಗೆ ಗೊತ್ತಿಲ್ಲ.

ಮೂವತ್ತಕ್ಕೆ ಬೆಳಗಿನ ಜಾವ ಬರುತ್ತೇನೆ. ನಿನ್ನ ಕವಿತ್ವದ ಬಗ್ಗೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಿಂದಿನ ಸೀಟು ಬೇಡ, ಮುಂದೆ ಮೂವರೂ ಹಿಡಿಸುತ್ತೇವೆ. ಅಪ್ಪ ನಡುವೆ ಕೂರಲಿ. ಅಲ್ಲಿಗೆ ತಲುಪಿಸುವುದು ನನ್ನ ಕೆಲಸ, ಹೇಳುವುದು ನಿನ್ನದು. ಹೆಚ್ಚಿಗೆ ಹೇಳಿದ ಕಡೆ ಸುಳ್ಳು ಎಂದು ನಾನು ಬಾಯಿ ಹಾಕುತ್ತೇನೆ. ನೀನು ನನ್ನ ಮೇಲೆ ಹರಿಹಾಯಿ. ನಾವಿಬ್ಬರೂ ಕಿತ್ತಾಡದ ಈಸ್ಟರ್ ಅಲ್ಲಿ ಒಂದೂ ನಡೆದಿಲ್ಲ. ಅದು ಕಿವಿಗೆ ಬಿದ್ದರೆ ಅಪ್ಪನಿಗೆ ತಾನು ಎಲ್ಲಿಗೆ ಬಂದಿದ್ದೇನೆಂದು ಗೊತ್ತಾಗುತ್ತದೆ.

ಥೇನ್